ಕತ್ತಿ ಗೇಮಿನ ಕರಡಿಗಳು

ಕಳೆದ ಬೇಸಿಗೆ ರಜೆಯಲ್ಲಿ ನಾನೊಂದು ಬೆಟ್ಟ ಎತ್ತಿದೆ. ತೋರುಬೆರಳಲ್ಲಿ. ಹಿಂದೆ ಒಬ್ಬರು ಕಿರುಬೆರಳಲ್ಲೇ ಎತ್ತಿದ್ದರು ಎಂಬುದು ನನಗೆ ಗೊತ್ತಿದೆ, ಅವರ ಮೇಲೆ ಗೌರವವೂ ಇದೆ. ಆದರೆ ಅವರು ಎತ್ತಿದ್ದು ಮೊದಲೇ ಇದ್ದ ಬೆಟ್ಟ. ನನ್ನದು ಹಾಗಲ್ಲ. ಅಲ್ಲಿ ಇದ್ದದ್ದು ಬರೀ ಬೂದು ಬಣ್ಣದ ಬಯಲು. ಮೌಸಿನ ಗುಂಡಿ ಒತ್ತಿ ಹಿಡಿದು ಮೇಲಕ್ಕೆ ಎಳೆದೆ, ನೆಲ ಹಂಚಿನ ಮೇಲಿನ ರೊಟ್ಟಿಯ ಹಾಗೆ ಉಬ್ಬಿತು. ಇನ್ನೊಂದು ಸಲ ಎಳೆದೆ, ಶಿಖರ ಬಂತು. ಸರಿಯಾಗಿ ಆ ಹೊತ್ತಿಗೆ ಅವ್ವ ಒಳಗಿನಿಂದ, ನಲ್ಲಿ ಬಂದಿದೆ, ನಾಲ್ಕು ಕೊಡ ಎತ್ತಿಡು ಎಂದು ಕೂಗಿದಳು. ಬೆನ್ನು ನೋಯುತ್ತಿದೆ ಎಂದೆ. ಸುಳ್ಳಲ್ಲ. ಅಷ್ಟು ದೊಡ್ಡ ಬೆಟ್ಟ ಎತ್ತಿದವರಿಗೆ ಬೆನ್ನು ನೋಯದೆ ಇನ್ನೇನು ನೋಯುತ್ತದೆ?

ನನ್ನ ಹೆಸರು ಪಂಪಾಪತಿ. ಗಂಗಾವತಿಯಲ್ಲಿ ಕಣ್ಣು ಮುಚ್ಚಿ ಒಂದು ಕಲ್ಲೆಸೆದರೆ ಮೂವರು ಪಂಪಾಪತಿಗಳಿಗೆ ತಾಗುತ್ತದೆ. ಆದರೆ ಆ ಮೂವರಲ್ಲಿ ಒಂದು ಇಡೀ ಲೋಕವನ್ನು ಸೃಷ್ಟಿ ಮಾಡಿದವನು ನಾನೊಬ್ಬನೇ. ಪಿಯುಸಿ ಎರಡನೇ ವರ್ಷ, ವಿಜ್ಞಾನ. ಭೌತಶಾಸ್ತ್ರದಲ್ಲಿ ನನಗೆ ಬಂದ ಅಂಕಗಳನ್ನು ಇಲ್ಲಿ ಹೇಳುವ ಅಗತ್ಯವಿಲ್ಲ. ಗುರುತ್ವಾಕರ್ಷಣೆಯನ್ನು ಸ್ವತಃ ಆನ್ ಮತ್ತು ಆಫ್ ಮಾಡುವವನಿಗೆ ಅದರ ಮೇಲೆ ಪ್ರಶ್ನೆ ಕೇಳುವುದೇ ಒಂದು ಅವಮಾನ.

ನಾನು ಕಟ್ಟಿದ್ದು ಹೊಸ ಲೋಕವೇನಲ್ಲ. ಸತ್ತುಹೋಗಿದ್ದ ಒಂದು ಹಳೇ ಲೋಕವನ್ನು ಎಬ್ಬಿಸಿದೆ. ಹದಿನಾರು ವರ್ಷದ ಹಿಂದೆ, ನಾನಿನ್ನೂ ತೊಟ್ಟಿಲಲ್ಲಿ ಕಾಲು ಬಡಿಯುತ್ತಿದ್ದಾಗ, ನಮ್ಮೂರಿನ ಬಸ್ ನಿಲ್ದಾಣದ ಎದುರು ಈರಣ್ಣ ಎಂಬವರ ಸೈಬರ್ ಕೆಫೆ ಇತ್ತು. ಅಲ್ಲಿ ಒಂದು ಆನ್‌ಲೈನ್ ಆಟ ಓಡುತ್ತಿತ್ತು. ಅದರ ನಿಜವಾದ ಇಂಗ್ಲಿಷ್ ಹೆಸರು ಎಷ್ಟು ಉದ್ದವಿತ್ತೆಂದರೆ, ಹೇಳಿ ಮುಗಿಸುವಷ್ಟರಲ್ಲಿ ಅರ್ಧ ಗಂಟೆಯ ಸಮಯ ಮುಗಿಯುತ್ತಿತ್ತಂತೆ. ಹಾಗಾಗಿ ಎಲ್ಲರೂ ಅದನ್ನು ಕತ್ತಿ ಗೇಮ್ ಎನ್ನುತ್ತಿದ್ದರು. ನೀವೊಬ್ಬ ವೀರನನ್ನು ಆರಿಸಿಕೊಂಡು ಆ ಲೋಕದೊಳಗೆ ಬದುಕಬೇಕು. ಕಬ್ಬಿಣ ಅಗೆಯಬೇಕು, ಕತ್ತಿ ಮಾಡಿಸಬೇಕು, ಕರಡಿಗಳ ಜೊತೆ ಕಾದಾಡಬೇಕು. ಅದೇ ಹೊತ್ತಿಗೆ ದೇಶವಿದೇಶದ ಸಾವಿರಾರು ಜನ ಅದೇ ಕಾಡಿನಲ್ಲಿ ತಿರುಗಾಡುತ್ತಿರುತ್ತಾರೆ. ಒಂದು ದಿನ ಆಟದ ಕಂಪನಿಯವರು ಬಾಗಿಲು ಹಾಕಿದರು. ಬೇರೆ ಲೋಕಗಳಿಗೆ ಪ್ರಳಯವಾಗುವಾಗ ಮಳೆ, ಬೆಂಕಿ ಏನಾದರೂ ಬರುತ್ತದೆ. ಈ ಲೋಕದ ಪ್ರಳಯ ನಾಲ್ಕು ಸಾಲಿನ ಇಮೇಲಿನಲ್ಲಿ ಬಂತು.

ಈ ಕಥೆಯೆಲ್ಲ ನನಗೆ ಹೇಳಿದ್ದು ಬಸು ಕಾಕಾ, ಅಂದರೆ ಅಪ್ಪನ ತಮ್ಮ. ಕಾಕಾನದು ಮೋಟರ್ ವೈಂಡಿಂಗ್ ಅಂಗಡಿ. ಸುತ್ತಲಿನ ಗದ್ದೆಗಳಲ್ಲಿ ಸುಟ್ಟುಹೋದ ಪಂಪ್‌ಸೆಟ್‌ಗಳೆಲ್ಲ ಅವನ ಬಾಗಿಲಿಗೆ ಬಂದು ಬೀಳುತ್ತವೆ. ಇಡೀ ದಿನ ತಾಮ್ರದ ತಂತಿ ಸುತ್ತುತ್ತ ಕೂಡುವ, ಹತ್ತು ಮಾತಿಗೆ ಒಂದು ಮಾತು ಆಡುವ ಮನುಷ್ಯ. ಆದರೆ ಕತ್ತಿ ಗೇಮಿನ ವಿಷಯ ಬಂದರೆ ತಂತಿ ಕೆಳಗಿಟ್ಟು, ಎರಡೂ ಕೈ ಎತ್ತಿ, ಗಾಳಿಯಲ್ಲಿ ಕರಡಿ ಹೊಡೆದು ತೋರಿಸುತ್ತಾನೆ. ಮೋಟರ್ ಕೇಳಲು ಬಂದ ರೈತರು ಹೆದರಿ ಎರಡು ಹೆಜ್ಜೆ ಹಿಂದೆ ಸರಿದದ್ದನ್ನು ನಾನೇ ಕಂಡಿದ್ದೇನೆ. ಒಂದು ಸಂಜೆ ಅವನು ತರಿಸಿದ ಮಿರ್ಚಿ ಭಜಿ ಎರಡು ಪ್ಲೇಟು ಮುಗಿಸಿದ ಹುರುಪಿನಲ್ಲಿ, ಆ ಆಟವನ್ನು ನಾನು ಮತ್ತೆ ಮಾಡಿಕೊಡುತ್ತೇನೆ ಎಂದುಬಿಟ್ಟೆ. ಈಗ ಗೇಮ್ ಇಂಜಿನ್ ಅಂತ ಬಂದಿದೆ, ಪುಕ್ಕಟೆ ಸಿಗುತ್ತದೆ, ಅದರೊಳಗೆ ಏನು ಬೇಕಾದರೂ ಕಟ್ಟಬಹುದು ಎಂದು ವಿವರಿಸಿದೆ. ಇಂಜಿನ್ ಎಂದ ಕೂಡಲೇ ಕಾಕಾ ವೃತ್ತಿಧರ್ಮ ಬಿಡದೆ, ಅದು ಎಷ್ಟು ಎಚ್‌ಪಿ ಎಂದು ಕೇಳಿದ. ಎಚ್‌ಪಿ ಇರುವುದಿಲ್ಲ ಎಂದಾಗ ಅವನಿಗೆ ನನ್ನ ಮೇಲಿದ್ದ ಅಷ್ಟಿಷ್ಟು ನಂಬಿಕೆಯೂ ಹೋಯಿತು.

ಒಂದು ಸಣ್ಣ ತೊಂದರೆ ಇತ್ತು. ಮೂಲ ಆಟವನ್ನು ನಾನು ನೋಡಿಯೇ ಇರಲಿಲ್ಲ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಿಕ್ಕಿದ್ದು ಮಂಜು ಕವಿದಂತಿದ್ದ ಏಳೆಂಟು ಚಿತ್ರಗಳು ಮತ್ತು ಹಳೇ ಆಟಗಾರರ ಒಂದು ಗುಂಪು. ಬೇರೆ ಬೇರೆ ದೇಶಗಳ ನಡುವಯಸ್ಸಿನ ಗಂಡಸರು ಅಲ್ಲಿ ಕೂತು, ಊರ ಬಾವಿ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ವರ್ಷಗಟ್ಟಲೆ ಜಗಳವಾಡುತ್ತಿದ್ದರು. ಉಳಿದದ್ದಕ್ಕೆ ಕಾಕಾನ ನೆನಪೇ ಗತಿ.

ನೆನಪು ಎಂಬುದು ಭಾರಿ ಕಪಟಿ. ನೀವು ಅದಕ್ಕೆ ಒಂದು ಚಿತ್ರ ಕಾಯ್ದಿಡಲು ಕೊಟ್ಟರೆ, ಅದು ಮನೆಯಲ್ಲಿ ಇದ್ದಬದ್ದ ಬಣ್ಣವನ್ನೆಲ್ಲ ಅದಕ್ಕೆ ಬಳಿದು ವಾಪಸ್ ಕೊಡುತ್ತದೆ. ಕಾಕಾ ಹೇಳಿದ ಹಾಗೆ ನದಿ ಮಾಡಿದೆ, ತುಂಗಭದ್ರೆಯ ಎಡದಂಡೆ ಕಾಲುವೆ ಆಯಿತು. ಹುಲ್ಲುಗಾವಲು ಮಾಡಿದೆ, ಸೋನಾ ಮಸೂರಿ ಗದ್ದೆ ಆಯಿತು. ಅವ್ವ ಹಿಂದಿನಿಂದ ಹಾದುಹೋಗುತ್ತ ಪರದೆ ನೋಡಿ, ಪೈರು ಹಳದಿಯಾಗಿದೆ, ಯೂರಿಯಾ ಹಾಕಿಲ್ಲವೇ ಎಂದು ಕೇಳಿದಳು. ಕರಡಿಯ ಬಗ್ಗೆ ಕೇಳಿದರೆ ಕಾಕಾ, ಕರ್ರಗೆ, ಜಟೆಜಟೆ ಕೂದಲು, ಉದ್ದ ಮೂತಿ ಎಂದು ವರ್ಣಿಸಿದ. ಹಾಗೆಯೇ ಮಾಡಿದೆ. ಆಮೇಲೆ ಹಳೇ ಚಿತ್ರದಲ್ಲಿ ನೋಡಿದರೆ ಮೂಲದ ಕರಡಿ ಬೆಳ್ಳಗೆ, ಹಿಮದ ಮೇಲೆ ನಿಂತಿತ್ತು. ಕಾಕಾ ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ಇದು ಯಾರೋ ಸುಣ್ಣ ಬಳಿದ ಕರಡಿ ಎಂದು ತೀರ್ಪು ಕೊಟ್ಟ. ನಮ್ಮ ಗುಡ್ಡದ ಕರಡಿಯೇ ಉಳಿಯಿತು.

ಇನ್ನು ಬಂಡೆಗಳು. ಕತ್ತಿ ಗೇಮಿನಲ್ಲಿ ದೊಡ್ಡ ದೊಡ್ಡ ಬಂಡೆಗಳಿದ್ದವಂತೆ. ಬಂಡೆ ಬೇಕೆಂದರೆ ನಮ್ಮ ಕಡೆಯವರು ಇಂಟರ್ನೆಟ್ಟಿನಲ್ಲಿ ಹುಡುಕಬೇಕೇ? ಫೋನ್ ಹಿಡಿದು ಸಾಣಾಪುರಕ್ಕೆ ಹೋದೆ. ಒಂದು ಬಂಡೆಯನ್ನು ಸುತ್ತಲಿನಿಂದ ಇನ್ನೂರು ಸಲ ಫೋಟೋ ತೆಗೆದರೆ, ಒಂದು ಸಾಫ್ಟ್‌ವೇರು ಅವನ್ನೆಲ್ಲ ಹೊಲಿದು ಅಂಥದೇ ಬಂಡೆ ಮಾಡಿಕೊಡುತ್ತದೆ. ನಾನು ಒಂದೇ ಬಂಡೆಗೆ ಪ್ರದಕ್ಷಿಣೆ ಹಾಕುವುದನ್ನು ಕಂಡ ಇಬ್ಬರು ಪ್ರವಾಸಿಗರು ಚಪ್ಪಲಿ ಬಿಟ್ಟು ಕೈಮುಗಿದರು. ನೂರಾ ನಲವತ್ತನೇ ಫೋಟೋದಲ್ಲಿ ಒಂದು ಆಡು ಅಡ್ಡ ಬಂತು. ನಾನು ಗಮನಿಸಲಿಲ್ಲ. ಹಾಗಾಗಿ ನನ್ನ ಲೋಕದ ಅತಿ ದೊಡ್ಡ ಬಂಡೆಯಲ್ಲಿ ಇಂದಿಗೂ ಅರ್ಧ ಆಡು ಸಿಕ್ಕಿಕೊಂಡಿದೆ. ಪುರಾಣ ಬರೆಯುವವರು ಬೇಕಾದರೆ ಅದಕ್ಕೊಂದು ಶಾಪದ ಕಥೆ ಕಟ್ಟಿಕೊಳ್ಳಲಿ.

ಸಾಣಾಪುರದಲ್ಲಿ ಇದ್ದ ಹಾಗೆಯೇ ಬಂಡೆಯ ಮೇಲೆ ಬಂಡೆ ಪೇರಿಸಿ ಗುರುತ್ವಾಕರ್ಷಣೆ ಆನ್ ಮಾಡಿದೆ. ಎಲ್ಲವೂ ಉರುಳಿದವು. ಮತ್ತೆ ಪೇರಿಸಿದೆ, ಮತ್ತೆ ಉರುಳಿದವು. ಊರು ಮುಚ್ಚಿಹೋಯಿತು, ಬಾವಿ ಮುಚ್ಚಿಹೋಯಿತು, ಎಡಕ್ಕೋ ಬಲಕ್ಕೋ ಎಂಬ ಜಗಳ ತಾನಾಗಿ ಬಗೆಹರಿಯಿತು. ಇಡೀ ಜಗತ್ತಿನ ಮೇಧಾವಿಗಳು ಸೇರಿ ಬರೆದ ಗಣಿತ ಅದು, ನಮ್ಮ ಬಂಡೆಗಳು ನಿಲ್ಲಲು ಸಾಧ್ಯವೇ ಇಲ್ಲ ಎಂದು ಹೇಳುತ್ತಿದೆ. ನಮ್ಮ ಬಂಡೆಗಳು ಅದನ್ನು ಓದಿಲ್ಲ, ಹಾಗಾಗಿ ನಿಂತಿವೆ. ಕೊನೆಗೆ ನಾನು ಬಂಡೆಗಳಿಗೆ ಮಾತ್ರ ಗುರುತ್ವಾಕರ್ಷಣೆಯಿಂದ ವಿನಾಯಿತಿ ಕೊಟ್ಟೆ.

ಹೀಗೆ ಮುಕ್ಕಾಲು ಲೋಕ ಮುಗಿಯಿತು. ನಾನು ಕಾಲೇಜಿನಲ್ಲಿ, ದಸರೆಗೆ ಉದ್ಘಾಟನೆ ಎಂದು ಡಂಗುರ ಹೊಡೆದಾಗಿತ್ತು. ಆಗ ಕಾಕಾನ ನೆನಪು ಕಾಡಿನ ಅಂಚಿಗೆ ಬಂದು ನಿಂತುಬಿಟ್ಟಿತು. ಕಾಡಿನಿಂದಾಚೆ ದಾರಿ ಹೇಗಿತ್ತು, ಗವಿಗಳು ಎಷ್ಟು ಎಂದು ಕೇಳಿದರೆ ತಂತಿ ಸುತ್ತುತ್ತಲೇ ಇದ್ದ. ನಾಲ್ಕನೇ ಸಲ ಕೇಳಿದಾಗ, "ಅದೆಲ್ಲಾ ಶರಣ್ಯಾಗ ಗೊತ್ತು," ಎಂದ. ಶರಣ್ಯಾ ಯಾರು ಎಂದೆ. ಕಾಕಾ ಎದ್ದು ಹೋಗಿ, ಸುಡದೇ ಇದ್ದ ಮೋಟರೊಂದನ್ನು ಬಿಚ್ಚಲು ಶುರುಮಾಡಿದ.

ನನಗೆ ಹೇಳಿದವರು ಈರಣ್ಣ. ಅವರ ಸೈಬರ್ ಕೆಫೆ ಈಗ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ತುಂಬುವ ಅಂಗಡಿಯಾಗಿದೆ, ಕುರ್ಚಿಗಳು ಮಾತ್ರ ಅವೇ. ಕಾಕಾ ಮತ್ತು ಈ ಶರಣ್ಯಾ, ಅಂದರೆ ಶರಣಪ್ಪ, ಆಗ ಜೀವದ ಗೆಳೆಯರಂತೆ. ಎರಡು ಕುರ್ಚಿ, ಒಂದು ಕಂಪ್ಯೂಟರು, ಇಬ್ಬರ ನಡುವೆ ಒಬ್ಬನೇ ವೀರ. ಟೈಗರ್ ಎಂಬ ಹೆಸರು ಮೊದಲೇ ಹೋಗಿತ್ತು, ಟೈಗರ್ ಒಂದರಿಂದ ಟೈಗರ್ ಒಂಬೈನೂರರವರೆಗೂ ಹೋಗಿತ್ತು, ಹಾಗಾಗಿ ಇವನು ಗಂಗಾವತಿ ಟೈಗರ್. ಶರಣಪ್ಪ ಕೀಬೋರ್ಡಿನಲ್ಲಿ ನಡೆಸುತ್ತಿದ್ದ, ಕಾಕಾ ಮೌಸಿನಲ್ಲಿ ಹೊಡೆಯುತ್ತಿದ್ದ. ಒಬ್ಬನ ಕಾಲು, ಇನ್ನೊಬ್ಬನ ಕೈ. ಎಂಟು ತಿಂಗಳು ಕಬ್ಬಿಣ ಅಗೆದು ಒಂದು ನೀಲಿ ಖಡ್ಗ ಮಾಡಿಸಿದ್ದರು. ಅದನ್ನು ನೋಡಲು ಕುಷ್ಟಗಿಯಿಂದ, ಯಲಬುರ್ಗಾದಿಂದ ಹುಡುಗರು ಬರುತ್ತಿದ್ದರಂತೆ. ಈರಣ್ಣ ಸ್ವಲ್ಪ ಹಿಗ್ಗಿಸಿ ಹೇಳುವವರು. ನನಗಿಂತ ಕಡಿಮೆ.

ಒಂದು ದಿನ ಶರಣಪ್ಪನಿಗೆ ಪರೀಕ್ಷೆ. ಕಾಕಾ ಒಬ್ಬನೇ ಆಡುತ್ತಿದ್ದ. ಕರೆಂಟು ಹೋಯಿತು. ಈರಣ್ಣನ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು, ನಮ್ಮ ಕಡೆ ಬಹಳ ಅಂಗಡಿಗಳಲ್ಲಿ ಇತ್ತು. ಕರೆಂಟು ಹೋದ ಕೂಡಲೇ ಮಾಲೀಕರು, ಎಲ್ಲರ ಟೈಮ್ ನಿಲ್ಲಿಸಿದ್ದೇನೆ ಎಂದು ಕೂಗುತ್ತಿದ್ದರು. ಕತ್ತಲಲ್ಲಿ ಕೂತ ಹೊತ್ತು ಯಾರ ಲೆಕ್ಕಕ್ಕೂ ಬರುತ್ತಿರಲಿಲ್ಲ. ಕಾಕಾ ಚಹಾ ಕುಡಿದು ಬಂದ. ಕರೆಂಟು ಬಂತು, ಕಂಪ್ಯೂಟರು ಹತ್ತಿತು, ಟೈಗರ್ ಊರಿನ ಬಾವಿಯ ಪಕ್ಕ ಬರಿಗೈಯಲ್ಲಿ ನಿಂತಿದ್ದ. ಖಡ್ಗ ಇರಲಿಲ್ಲ.

ಸಂಜೆ ಪರೀಕ್ಷೆ ಮುಗಿಸಿ ಬಂದ ಶರಣಪ್ಪ ಕೇಳಿದ್ದು ಒಂದೇ ಪ್ರಶ್ನೆ. ಕರೆಂಟು ಹೋದಾಗ ಆಟವೂ ನಿಂತಿರುತ್ತದೆ, ನಿಂತ ಆಟದಲ್ಲಿ ಖಡ್ಗ ಎಲ್ಲಿಗೆ ಹೋಗುತ್ತದೆ? ನಾನು ಚಹಾ ಕುಡಿಯಲು ಹೋಗಿದ್ದೆ ಎಂದ ಕಾಕಾ. ಈರಣ್ಣನನ್ನು ಸಾಕ್ಷಿಗೆ ಕರೆದರು. ಈರಣ್ಣ ಸತ್ಯವಂತ, ಟೈಮ್ ನಾನೇ ನಿಲ್ಲಿಸಿದ್ದೆ ಎಂದರು. ಅಲ್ಲಿಗೆ ತೀರ್ಮಾನವಾಯಿತು. ಆ ದಿನಗಳಲ್ಲಿ ಆಟದೊಳಗೆ ಹಸಿರು ಮುಸುಕಿನ ಒಬ್ಬಳು ಬಿಲ್ಲುಗಾರ್ತಿ ಬರುತ್ತಿದ್ದಳು, ಯಾವ ದೇಶದವಳೋ ಗೊತ್ತಿಲ್ಲ, ಕಾಕಾ ಅವಳಿಗೆ ದಿನವೂ ತಪ್ಪದೆ ಹಾಯ್ ಎಂದು ಟೈಪ್ ಮಾಡುತ್ತಿದ್ದ. ಖಡ್ಗ ಅವಳಿಗೆ ಕಾಣಿಕೆಯಾಗಿ ಹೋಗಿದೆ ಎಂದು ಶರಣಪ್ಪ ನಂಬಿದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಎಲ್ಲಾದರೂ ಮದುವೆಯಲ್ಲಿ ಕಾಕಾ ಮೊದಲ ಪಂಕ್ತಿಗೆ ಕೂತರೆ ಶರಣಪ್ಪ ಎರಡನೇ ಪಂಕ್ತಿಗೆ ಕಾಯುತ್ತಾನೆ. ನಗಬೇಡಿ. ನಾನೂ ಮೊದಲು ನಕ್ಕೆ. ಆಮೇಲೆ ಕಾಕಾನನ್ನು ಕೆದಕಿದಾಗ ಅವನು ತಲೆ ಎತ್ತದೆ ಹೇಳಿದ:

"ಹದಿನಾರು ವರ್ಷ ಆತಲೇ ಕಳ್ಳ ಅನಿಸ್ಕೊಂಡು. ಕಳ್ಳ ಅಂದಿದ್ದಕ್ಕ ಸಂಕಟ ಅಲ್ಲ. ಒಮ್ಮೊಮ್ಮೆ ನನಗಽ ಅನಸ್ತೈತಿ, ಎಲ್ಲೆರ ತಪ್ಪಿ ನಾನಽ ಕೊಟ್ನೇನೋ ಅಂತ."

ನನ್ನ ಲೋಕಕ್ಕೆ ಗವಿ ಬೇಕಿತ್ತು, ಕಾಕಾನಿಗೆ ಅದಕ್ಕಿಂತ ದೊಡ್ಡದೊಂದು ಬೇಕಿತ್ತು. ಒಂದು ಶನಿವಾರ ಬೆಳಿಗ್ಗೆ ಕೊಪ್ಪಳದಲ್ಲಿ ಬಸ್ ಬದಲಿಸಿ ಕುಕನೂರಿಗೆ ಹೋದೆ. ಶರಣಪ್ಪ ಈಗ ಅಲ್ಲಿನ ಒಂದು ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರು. ಇಸ್ತ್ರಿ ಮಾಡಿದ ಅಂಗಿ, ಕಿವಿಯ ಹಿಂದೆ ಪೆನ್ಸಿಲು. ನಾನು ಬಸವರಾಜನ ಅಣ್ಣನ ಮಗ ಎಂದ ಕೂಡಲೇ ಅವರ ಮುಖ ಬೇಸಿಗೆಯ ಬಾವಿಯ ಹಾಗೆ ಕೆಳಕ್ಕೆ ಇಳಿಯಿತು. ಆ ಆಟ ಬಿಟ್ಟು ಬಹಳ ದಿನವಾಯಿತು, ನೆನಪಿಲ್ಲ, ಬಸ್ಸಿಗೆ ಹೊತ್ತಾಗುತ್ತದೆ ಹೋಗಪ್ಪ ಎಂದರು.

ನಾನು ವಾದ ಮಾಡಲಿಲ್ಲ. ಖಾಲಿ ತರಗತಿಯ ಕಪ್ಪು ಹಲಗೆಯ ಮೇಲೆ ಕಾಡಿನಾಚೆಯ ನಕ್ಷೆಯನ್ನು ಬೇಕೆಂದೇ ತಪ್ಪಾಗಿ ಬರೆದೆ. ಗವಿಯನ್ನು ನದಿಯ ನಡುವೆ ಇಟ್ಟೆ. ಸೇತುವೆಯನ್ನು ಗುಡ್ಡದ ತಲೆಯ ಮೇಲೆ ಇಟ್ಟೆ. ಮಾಸ್ತರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ತಪ್ಪು ಚಿತ್ರ ನೋಡಿ ಸುಮ್ಮನಿರುವುದು ಡ್ರಾಯಿಂಗ್ ಮಾಸ್ತರರ ಕೈಯಲ್ಲಿ ಆಗುವ ಮಾತಲ್ಲ, ಸಂಬಳ ಬರುವುದೇ ಅದಕ್ಕೆ. ನಾನು ಅರಮನೆಗೆ ಮೂರೇ ಗೋಡೆ ಹಾಕಿದಾಗ ಅವರಿಗೆ ತಡೆಯಲಾಗಲಿಲ್ಲ. ನನ್ನ ಕೈಯಿಂದ ಚಾಕ್‌ಪೀಸು ಕಿತ್ತುಕೊಂಡರು. ಹತ್ತು ನಿಮಿಷದಲ್ಲಿ ಹಲಗೆ ತುಂಬ ಕಾಡು, ಹನ್ನೊಂದು ಗವಿ, ಒಂದೊಂದು ಗವಿಯ ಬಾಯಲ್ಲಿ ಎಷ್ಟು ಕಲ್ಲು ಎಂಬುದು ಸಹಿತ ಬಂತು. ನೆನಪಿಲ್ಲ ಎಂದವರ ನೆನಪು ಹೀಗಿತ್ತು. ನಾನು ಫೋಟೋ ತೆಗೆದುಕೊಂಡೆ. ಕೈ ಝಾಡಿಸುತ್ತ ಅವರು, "ನಕ್ಷಾ ಬೇಕಂದ್ರ ಒಯ್ಯಿ ತಮ್ಮಾ. ಅಂವನ ಹೆಸರು ಮಾತ್ರ ನನ್ನ ಮುಂದ ತೆಗೀಬ್ಯಾಡ," ಎಂದರು.

ಗವಿಗಳನ್ನು ಕಟ್ಟಿದೆ. ಆಮೇಲೆ ಸರ್ವರಿನ ಕೆಲಸ, ಅಂದರೆ ಆಟಗಾರರ ಮನೆಯ ಕಂಪ್ಯೂಟರುಗಳನ್ನೆಲ್ಲ ಒಂದೇ ಲೋಕಕ್ಕೆ ಜೋಡಿಸುವ ನಡುವಿನ ಯಂತ್ರದ್ದು. ಅಲ್ಲೊಂದು ಪ್ರಶ್ನೆ ಬಂತು. ಆಡುತ್ತಿರುವವನ ಸಂಪರ್ಕ ನಡುವೆಯೇ ಕಡಿದರೆ ಅವನ ವೀರನನ್ನು ಏನು ಮಾಡಬೇಕು? ಮಾಯ ಮಾಡಬೇಕೋ, ಹಾಗೇ ಬಿಡಬೇಕೋ? ಮೂಲದಲ್ಲಿ ಹೇಗಿತ್ತು ಎಂದು ಆ ಹಳೇ ಆಟಗಾರರ ಗುಂಪಿನಲ್ಲಿ ಕೇಳಿದೆ. ಹಿಮ ಬೀಳುವ ಯಾವುದೋ ದೇಶದ ಒಬ್ಬ ಅಜ್ಜ ಉತ್ತರ ಬರೆದ. ಮೂಲದಲ್ಲಿ ವೀರ ಮೂರು ನಿಮಿಷ ಇದ್ದಲ್ಲೇ ನಿಂತಿರುತ್ತಿದ್ದ, ಕೈಕಾಲು ಆಡದೆ. ಆಗ ಕರಡಿ ಬಂದು ಹೊಡೆಯಬಹುದಿತ್ತು. ಸತ್ತರೆ ಕೈಯಲ್ಲಿದ್ದದ್ದು ಅಲ್ಲೇ ಬೀಳುತ್ತಿತ್ತು, ದಾರಿಯಲ್ಲಿ ಹೋಗುವ ಯಾರು ಬೇಕಾದರೂ ಎತ್ತಿಕೊಳ್ಳಬಹುದಿತ್ತು. ಸತ್ತವನು ಮತ್ತೆ ಊರ ಬಾವಿಯ ಪಕ್ಕ ಹುಟ್ಟುತ್ತಿದ್ದ.

ನಾನು ಅದನ್ನು ಮೂರು ಸಲ ಓದಿದೆ. ನಾಲ್ಕನೇ ಸಲ ಓದುವಾಗ ಕುರ್ಚಿಯಿಂದ ಎದ್ದು ನಿಂತಿದ್ದೆ. ಬಾವಿಯ ಪಕ್ಕ. ಬರಿಗೈ. ಈರಣ್ಣ ಟೈಮ್ ನಿಲ್ಲಿಸಿದ್ದು ಗಂಗಾವತಿಯಲ್ಲಿ. ಸಮುದ್ರದಾಚೆ ಎಲ್ಲೋ ಇದ್ದ ಸರ್ವರಿಗೆ ಈರಣ್ಣ ಯಾರೆಂದೇ ಗೊತ್ತಿರಲಿಲ್ಲ. ನಮ್ಮೂರಿನಲ್ಲಿ ಕರೆಂಟು ಹೋದರೆ ಮಿಲ್ಲು ನಿಲ್ಲುತ್ತದೆ, ಪಂಪ್‌ಸೆಟ್ಟು ನಿಲ್ಲುತ್ತದೆ, ಟಿವಿಯಲ್ಲಿ ಅಳುತ್ತಿದ್ದ ಸೊಸೆಯೂ ನಿಲ್ಲುತ್ತಾಳೆ. ಎಲ್ಲವೂ ನಿಲ್ಲುವುದನ್ನೇ ನೋಡಿ ಬೆಳೆದ ಇಬ್ಬರಿಗೂ, ಒಬ್ಬ ಮಾಲೀಕನಿಗೂ, ಕರಡಿ ನಿಲ್ಲುವುದಿಲ್ಲ ಎಂದು ಹೊಳೆಯಲೇ ಇಲ್ಲ.

ಇದನ್ನು ಮಾಸ್ತರರಿಗೆ ಫೋನಿನಲ್ಲಿ ಹೇಳಿದ್ದರೆ ನಂಬುತ್ತಿರಲಿಲ್ಲ, ಕಾಕಾನೇ ಹೇಳಿಕೊಟ್ಟ ಪಾಠ ಎನ್ನುತ್ತಿದ್ದರು. ಕಣ್ಣಾರೆ ತೋರಿಸಬೇಕಿತ್ತು. ಭಾನುವಾರ ಬೆಳಿಗ್ಗೆ ಈರಣ್ಣನ ಅಂಗಡಿಗೆ ಬಂದು ಗವಿಗಳನ್ನು ಒಮ್ಮೆ ಪರೀಕ್ಷಿಸಿ ಎಂದು ಅವರನ್ನು ಕರೆದೆ. ಬಸ್ಯಾ ಇರುತ್ತಾನೋ ಎಂದರು. ಕಾಕಾ ಹುಲಿಗಿಯ ಗುಡಿಗೆ ಹೋಗಿದ್ದಾನೆ ಎಂದೆ. ನಾನು ಸುಳ್ಳು ಹೇಳುವವನಲ್ಲ. ಕಾಕಾ ಹುಲಿಗಿಗೆ ಹೋಗಿದ್ದು ನಿಜ, ಹಿಂದಿನ ಮಂಗಳವಾರ. ಕಾಕಾನಿಗೆ ಈರಣ್ಣನ ಅಂಗಡಿಯ ಫ್ಯಾನಿನ ಮೋಟರ್ ಗುಂಯ್ ಎನ್ನುತ್ತಿದೆ ಎಂದೆ. ಅದೂ ನಿಜ, ಯಾವಾಗಲೂ ಎನ್ನುತ್ತದೆ.

ಇಬ್ಬರೂ ಬಾಗಿಲಲ್ಲಿ ಎದುರುಬದುರಾದರು. ಮಾಸ್ತರು ಚಪ್ಪಲಿ ಹಾಕಿಕೊಳ್ಳಲು ಹೋದರು, ಈರಣ್ಣ ಚಪ್ಪಲಿಯ ಮೇಲೆ ಕಾಲಿಟ್ಟು ನಿಂತಿದ್ದರು. ಹತ್ತೇ ನಿಮಿಷ ಎಂದು ನಾನು ಕೈಮುಗಿದೆ. ಎರಡು ಕಂಪ್ಯೂಟರು, ಎರಡರ ಪರದೆಗಳೂ ಒಂದಕ್ಕೊಂದು ಬೆನ್ನು ಮಾಡಿ. ಕಾಕಾನಿಗೆ ಟೈಗರನನ್ನು ಕೊಟ್ಟೆ, ಕೈಯಲ್ಲಿ ನೀಲಿ ಖಡ್ಗ. ಖಡ್ಗ ಕಂಡು ಅವನು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡ. ಮಾಸ್ತರರಿಗೆ ಬೇರೊಂದು ಪಾತ್ರ ಬೇಕಿತ್ತಲ್ಲ, ಹಸಿರು ಮುಸುಕಿನ ಬಿಲ್ಲುಗಾರ್ತಿಯನ್ನು ಕೊಟ್ಟೆ.

"ಇಷ್ಟು ಮಂದಿಯೊಳಗ ನನಗ ಈಕಿನ್ನಽ ಕೊಡಬೇಕಾ?" ಎಂದರು ಮಾಸ್ತರು.

ಬೇರೆ ಯಾರೂ ತಯಾರಾಗಿಲ್ಲ ಸರ್ ಎಂದೆ. ಆರು ಜನ ತಯಾರಿದ್ದರು.

ಇಬ್ಬರೂ ಕಾಡಿಗೆ ಹೋದರು. ಕಾಕಾ ಎರಡು ಕರಡಿ ಕೆಡವಿದ. ಮೂರನೆಯದು ಬರುವಾಗ ನಾನು ಕಣ್ಣು ಹೊಡೆದೆ, ಈರಣ್ಣ ಕಾಕಾನ ಕಂಪ್ಯೂಟರಿನ ಪ್ಲಗ್ ಕಿತ್ತರು. ಪರದೆ ಕಪ್ಪಾಯಿತು. ನಾನು ಹೇಳಿಕೊಟ್ಟಿರಲಿಲ್ಲ, ಈರಣ್ಣನ ಬಾಯಿಯಿಂದ ತಾನಾಗಿಯೇ ಬಂತು: "ಟೈಮ್ ನಿಲ್ಲಿಸೀನ್ರಪಾ." ಕಾಕಾನೂ ಹಳೇ ರೂಢಿಯಂತೆ ಕುರ್ಚಿ ಹಿಂದೆ ಸರಿಸಿ ಎದ್ದುನಿಂತ.

ಮಾಸ್ತರರ ಪರದೆಯ ಮೇಲೆ ಮಾತ್ರ ಕಾಡು ಬೆಳಗುತ್ತಿತ್ತು. ಟೈಗರ್ ಖಡ್ಗ ಹಿಡಿದು ನಿಂತಿದ್ದ, ಎವೆಯಿಕ್ಕದೆ. ಕರಡಿ ಬಂತು. ಒಂದು ಏಟು. ಇನ್ನೊಂದು ಕರಡಿ ಬಂತು. ಮಾಸ್ತರು ಪರದೆಯ ಹತ್ತಿರ ಬಾಗಿದರು, ಕುರ್ಚಿ ಕಿರುಗುಟ್ಟಿತು, ಹದಿನಾರು ವರ್ಷ ಆಡದ ಹೆಸರು ಬಾಯಿಂದ ಜಾರಿತು.

"ಹೊಡಿಯೋ ಬಸ್ಯಾ. ಸುಮ್ನ ಯಾಕ ನಿಂತೀ?"

ಕಾಕಾ ನಿಂತಲ್ಲಿಂದಲೇ ಹೇಳಿದ: "ಹೆಂಗ ಹೊಡೀಲೋ? ನನ್ನ ಕರೆಂಟ್ ಹೋಗೇತಿ."

ಟೈಗರ್ ಬಿದ್ದ. ನೀಲಿ ಖಡ್ಗ ಹುಲ್ಲಿನ ಮೇಲೆ ಬಿದ್ದು ಹೊಳೆಯುತ್ತಿತ್ತು. ಮಾಸ್ತರು ಅದನ್ನು ನೋಡುತ್ತ ಕೂತರು, ನೋಡುತ್ತಲೇ ಕೂತರು. ಈರಣ್ಣ ಪ್ಲಗ್ ಹಿಡಿದುಕೊಂಡು ನಿಂತಿದ್ದರು, ಅರ್ಜಿ ತುಂಬಲು ಬಂದಿದ್ದ ಒಬ್ಬ ಹೆಂಗಸು ಏನೋ ಸಾವಾಗಿದೆ ಎಂದುಕೊಂಡು ಸೆರಗು ತಲೆಯ ಮೇಲೆ ಎಳೆದುಕೊಂಡಳು. ನಾನೂ ಬಾಯಿ ಮುಚ್ಚಿಕೊಂಡಿದ್ದೆ. ಇದು ನನ್ನ ಬದುಕಿನಲ್ಲಿ ಎಷ್ಟು ಅಪರೂಪ ಎಂದು ನಿಮಗೀಗ ಗೊತ್ತಾಗಿರಬೇಕು.

"ಕರೆಂಟ್ ಬರೂತನಕಾ ಆಟ ನಿಂತಿರತೈತಿ ಅಂತ ತಿಳಕೊಂಡಿದ್ದೆ," ಎಂದರು ಮಾಸ್ತರು ಕೊನೆಗೆ.

"ನಾನೂ ಹಂಗಽ ತಿಳಕೊಂಡಿದ್ದೆ," ಎಂದ ಕಾಕಾ.

ಕ್ಷಮೆ ಕೇಳುವುದು, ಅಪ್ಪಿಕೊಳ್ಳುವುದು ಏನೂ ನಡೆಯಲಿಲ್ಲ. ಮಾಸ್ತರು ಪಕ್ಕದ ಕುರ್ಚಿಯನ್ನು ಕಾಲಿನಿಂದ ಎಳೆದು ತಮ್ಮ ಹತ್ತಿರ ಇಟ್ಟುಕೊಂಡರು, ಅಷ್ಟೇ. ಕಾಕಾ ಹೋಗಿ ಕೂತ. ಮಾಸ್ತರು ಕೀಬೋರ್ಡು ಹಿಡಿದರು, ಕಾಕಾ ಮೌಸ್ ಹಿಡಿದ, ಇಬ್ಬರೂ ಸೇರಿ ಆ ಬಿಲ್ಲುಗಾರ್ತಿಯನ್ನು ನಡೆಸಿಕೊಂಡು ಹೋಗಿ ಹುಲ್ಲಿನ ಮೇಲಿನ ಖಡ್ಗವನ್ನು ಎತ್ತಿಸಿದರು. ಆ ಫ್ಯಾನ್ ಗುಂಯ್ ಎನ್ನುತ್ತಲೇ ಇತ್ತು, ಯಾರೂ ರಿಪೇರಿ ಮಾಡಲಿಲ್ಲ.

ಜಗಳ ಶುರುವಾದದ್ದು ಆಮೇಲೆ, ಮತ್ತು ನನ್ನ ಜೊತೆ. ಈ ಮೂರು ನಿಮಿಷದ ನಿಯಮವನ್ನು ತೆಗೆದುಹಾಕು ಎಂದರು ಇಬ್ಬರೂ. ಆಗುವುದಿಲ್ಲ ಎಂದೆ. ಮೂಲದಲ್ಲಿ ಹೇಗಿತ್ತೋ ಹಾಗೆಯೇ ಇರಬೇಕು, ಇಲ್ಲದಿದ್ದರೆ ಹಳೇ ಆಟಗಾರರು ನನ್ನನ್ನು ಹರಿದು ತಿನ್ನುತ್ತಾರೆ, ಬಾವಿಯನ್ನು ಒಂದು ಗೇಣು ಸರಿಸಿದ್ದಕ್ಕೇ ಎಂಟು ಪುಟ ಬೈದಿದ್ದಾರೆ ಎಂದೆ. ನಿಷ್ಠೆ, ಪರಂಪರೆ, ಪುರಾತನ ಗುಡಿಯ ಜೀರ್ಣೋದ್ಧಾರ ಇತ್ಯಾದಿ ದೊಡ್ಡ ಮಾತುಗಳನ್ನೂ ಬಳಸಿದೆ. ಕಾಕಾ ಎಲ್ಲವನ್ನೂ ಕೇಳಿಸಿಕೊಂಡು ಹೇಳಿದ:

"ಕರಡಿ ಬಿಳೀದಿತ್ತು, ನೀ ಕರೀದು ಮಾಡೀದಿ. ಅದಕ್ಕ ಯಾವ ಪರಂಪರಾ ಅಡ್ಡ ಬರಲಿಲ್ಲ. ಕರೆಂಟ್ ಹೋದವನ ಮೈಮ್ಯಾಲೆ ಬೀಳೂದು ಯಾವ ನ್ಯಾಯ ಐತಲೇ?"

ಸೃಷ್ಟಿಕರ್ತನಾಗಿ ನಾನು ಮೊದಲ ಸಲ ಇನ್ನೊಬ್ಬರ ಮಾತು ಕೇಳಿದೆ. ಮನೆಗೆ ಬಂದು ಮೂರೇ ಸಾಲಿನ ಕೋಡ್ ಬರೆದೆ. ಯಾರ ಸಂಪರ್ಕ ಕಡಿಯುತ್ತದೋ ಅವನ ಸುತ್ತಲಿನ ಕರಡಿಗಳೆಲ್ಲ ಅವನು ಬರುವತನಕ ಕೂತುಕೊಳ್ಳಬೇಕು. ಕರಡಿ ಕೂಡುವ ಭಂಗಿ ನನ್ನ ಬಳಿ ಇರಲಿಲ್ಲ, ನಾಯಿಯದಿತ್ತು, ಅದನ್ನೇ ಹೊಂದಿಸಿದೆ. ಈಗ ನಮ್ಮ ಕರಡಿಗಳು ಮುಂಗಾಲು ಊರಿ, ಕತ್ತು ಓರೆ ಮಾಡಿ, ರೊಟ್ಟಿಗೆ ಕಾಯುವವರ ಹಾಗೆ ಕೂಡುತ್ತವೆ. ನಿಂತ ವೀರನ ತಲೆಯ ಮೇಲೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಒಂದು ಫಲಕ ಬರುತ್ತದೆ: ಕರೆಂಟು ಹೋಗಿದೆ, ಬರುತ್ತದೆ.

ದಸರೆಗೆ ಉದ್ಘಾಟನೆಯಾಯಿತು. ಹಳೇ ಆಟಗಾರರು ಒಬ್ಬೊಬ್ಬರಾಗಿ ಬಂದರು, ಕಪ್ಪು ಕರಡಿ ನೋಡಿ ಬೈದರು, ಬಂಡೆಯೊಳಗಿನ ಆಡನ್ನು ನೋಡಿ ಬೈದರು, ಹೋಗಲಿಲ್ಲ. ಭಾನುವಾರದ ಮಧ್ಯಾಹ್ನಗಳಲ್ಲಿ ಮಾಸ್ತರು ಕುಕನೂರಿನಿಂದ ಬರುತ್ತಾರೆ. ಆಮೇಲಿನ ಒಂದು ಭಾನುವಾರ ಈರಣ್ಣನ ಓಣಿಯಲ್ಲಿ ಕರೆಂಟು ಹೋಗಿ ಟೈಗರ್ ಕಾಡಿನ ನಡುವೆ ನಿಂತುಬಿಟ್ಟ. ಹಿಮದ ದೇಶದ ಆ ಅಜ್ಜ ಅದೇ ದಾರಿಯಲ್ಲಿ ಬಂದನಂತೆ. ಏಳು ಕರಡಿ ಸುತ್ತ ಕೂತಿದ್ದನ್ನು ಕಂಡು, ಇದು ನನ್ನ ಕೋಡಿನ ತಪ್ಪೆಂದುಕೊಂಡು ಕತ್ತಿ ಎತ್ತಿದ. ಆಮೇಲೆ ಫಲಕದ ಇಂಗ್ಲಿಷ್ ಸಾಲು ಓದಿ, ಕತ್ತಿ ಒರೆಗೆ ಹಾಕಿ, ಎಂಟನೆಯವನಾಗಿ ಕರಡಿಗಳ ಪಕ್ಕ ಕೂತ. ಇಪ್ಪತ್ತು ನಿಮಿಷ ಕೂತನಂತೆ. ಆಡಿದ ಇಷ್ಟು ವರ್ಷಗಳಲ್ಲಿ ಆ ಕಾಡಿನಲ್ಲಿ ಒಮ್ಮೆಯೂ ಸುಮ್ಮನೆ ಕೂತಿರಲಿಲ್ಲ, ಮರಗಳು ಚೆನ್ನಾಗಿವೆ ಎಂದು ಬರೆದ. ಮರ ನೆಟ್ಟವನು ನಾನೇ ಎಂದು ಕೂಡಲೇ ಉತ್ತರಿಸಿದೆ.

ಅವನ ದೇಶದಲ್ಲಿ ಕರೆಂಟು ಹೋಗುವುದಿಲ್ಲವಂತೆ. ಆದರೆ ಅವನ ಹೆಂಡತಿ ನಡುವೆ ಕರೆಯುತ್ತಾಳಂತೆ, ಒಲೆಯ ಮೇಲೆ ಹಾಲು ಉಕ್ಕುತ್ತದಂತೆ, ಮೊಣಕಾಲಿಗೆ ಔಷಧ ಹಚ್ಚಿಕೊಳ್ಳುವ ಹೊತ್ತಾಗುತ್ತದಂತೆ. ಅಂಥ ಹೊತ್ತಿಗೂ ಕರಡಿಗಳು ಸ್ವಲ್ಪ ಕೂಡಬಹುದೇ ಎಂದು ವಿನಯದಿಂದ ಕೇಳಿದ್ದ. ನಾನು ಅರ್ಜಿಯನ್ನು ಕಾಕಾ ಮತ್ತು ಮಾಸ್ತರರ ಮುಂದಿಟ್ಟೆ. ಇಬ್ಬರೂ ಒಂದು ಚಹಾ ಮುಗಿಯುವವರೆಗೂ ಚರ್ಚಿಸಿದರು. ಹೆಂಡತಿ ಕರೆದರೆ ಕರಡಿ ಕೂತುಕೊಳ್ಳಲೇಬೇಕು ಎಂದು ಕಾಕಾ, ಹಾಲಿಗೆ ಮೂರು ನಿಮಿಷ ಸಾಕು ಎಂದು ಮಾಸ್ತರು. ಮೊಣಕಾಲಿನ ವಿಷಯದಲ್ಲಿ ಇಬ್ಬರದೂ ಒಂದೇ ಮಾತು: ಅಜ್ಜ ಏಳುವತನಕ ಕರಡಿ ಏಳಬಾರದು.